ಕಾಫಿ ತೋಟದ ಬಾಳೆ ನಾರು ಗಿಟಾರಿಗೆ ಒದಗೀತೇ?

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಕಡೆಯ ಕಾಫಿ ಬೆಳೆಗಾರರಲ್ಲಿ ಬೀಟೆ ಮರವನ್ನು ಅರಿಯದವರಿಲ್ಲ. ಗಿಟಾರ್ ವಾದ್ಯದ ಬೆನ್ನು ಹಾಗೂ ಪಕ್ಕೆಗಳಿಗೆ ಇದೇ ಬೀಟೆಯ ಹಲಗೆಯನ್ನು ಬಳಸುವುದು ಹೊರದೇಶದ ತಯಾರಕರಲ್ಲಿ ಬಹು ಕಾಲದಿಂದ ನಡೆದು ಬಂದಿದೆ. ಆದರೆ ಬೀಟೆ ಬಲಿಯಲು ಹಲವು ದಶಕಗಳು ಬೇಕು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಕಡಿಯುವಂತಿಲ್ಲ. 2017ರ ಜನವರಿಯಿಂದ ಬೀಟೆಯ ಕುಲಕ್ಕೆ ಸೇರಿದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರವೂ ನಿಯಂತ್ರಣಕ್ಕೆ ಒಳಪಟ್ಟಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತೇ ಹೊರತು ಹಲಗೆಗೆ ದೊರೆಯಲಿಲ್ಲ.

ಮರಕ್ಕೆ ಇನ್ನೊಂದು ದೋಷವೂ ಉಂಟು. ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಊರಿಂದೂರಿಗೆ ಒಯ್ಯುವ ಚಿಕ್ಕ ಗಿಟಾರುಗಳಿಗೆ ಇದು ದೊಡ್ಡ ತೊಂದರೆ. ಆದ್ದರಿಂದಲೇ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಬ್ಲ್ಯಾಕ್‌ಬರ್ಡ್ ಎಂಬ ಸಂಸ್ಥೆ ಮೊದಲು ಕಾರ್ಬನ್ ನಾರಿನಿಂದ ಪ್ರಯಾಣದ ಗಿಟಾರನ್ನು ತಯಾರಿಸಿತು. ಆಮೇಲೆ ಅಗಸೆ ನಾರನ್ನು ಅಂಟುದ್ರವದಲ್ಲಿ ಕೂಡಿಸಿದ ಎಕೋವಾ ಎಂಬ ವಸ್ತುವಿನಿಂದಲೂ ವಾದ್ಯಗಳನ್ನು ಮಾಡಿತು. ಅಗಸೆ ನಾರಿನ ಹಲಗೆಯ ನಾದ ಕಾರ್ಬನ್ನಿಗಿಂತ ಮರದ ನಾದಕ್ಕೆ ಹತ್ತಿರ.

ನಮ್ಮ ಉತ್ತರ ಕರ್ನಾಟಕದಲ್ಲಿ ಹಿಂಗಾರಿಗೆ ಬಿತ್ತುವ ಅಗಸೆ ಎಣ್ಣೆಗಾಗಿ ಬೆಳೆಯುವಂಥದು. ಗಿಡ್ಡವಾಗಿ ಕವಲೊಡೆಯುವುದರಿಂದ ಉದ್ದನೆಯ ನಾರು ಬರುವುದಿಲ್ಲ. ಮಲೆನಾಡಿನ ತೋಟದಲ್ಲಿ ಕೈಗೆ ಸಿಗುವ ಉದ್ದ ನಾರೆಂದರೆ ಬಾಳೆಯದು. ಇದು ಬರಿಯ ಕಲ್ಪನೆಯಲ್ಲ. ಬಾಳೆಯ ಕುಲಕ್ಕೇ ಸೇರಿದ, ಫಿಲಿಪೀನ್ಸ್ ದೇಶದ ಅಬಾಕ ಗಿಡದ ನಾರು ಜರ್ಮನಿಯ ಮರ್ಸಿಡಿಸ್ ಕಾರಿನ ತಳಭಾಗದ ಹೊದಿಕೆಗೆ ಬಳಕೆಯಾಗಿದೆ.

ವಾದ್ಯದವರು ಕೇಳುವ ನಾರು

ಗಿಟಾರಿನ ಆರು ಉಕ್ಕಿನ ತಂತಿಗಳನ್ನು ಶ್ರುತಿಗೆ ಏರಿಸಿದಾಗ ಒಟ್ಟು ಸುಮಾರು 70 ಕಿಲೋದಷ್ಟು ಎಳೆತ ಬೀಳುತ್ತದೆ. ಅದನ್ನು ತಡೆಯಬೇಕಾದ ಮೇಲ್ಹಲಗೆಯ ದಪ್ಪ ಕೇವಲ 2ರಿಂದ 3 ಮಿಲಿಮೀಟರ್. ದಪ್ಪ ಹೆಚ್ಚಿಸಿದರೆ ನಾದ ಸತ್ತುಹೋಗುತ್ತದೆ. ಹೀಗಾಗಿ ನಾರಿನ ಎಳೆಗಳು ಉದ್ದವಾಗಿ, ನೇರವಾಗಿ ಒಂದೇ ದಿಕ್ಕಿಗೆ ಮಲಗಿರಬೇಕು. ಇಂಥ ನಾರನ್ನು ಅಥವಾ ಅದರ ಬಟ್ಟೆಯನ್ನು ಅಚ್ಚಿನಲ್ಲಿ ಪದರ ಪದರವಾಗಿ ಹಾಸಿ, ಅಂಟುದ್ರವ ತುಂಬಿ, ಗಾಳಿ ಹೊರಗೆಳೆದು, ಬಿಸಿಯಲ್ಲಿ ಗಟ್ಟಿಯಾಗಿಸುತ್ತಾರೆ.

ನಾರಿನಲ್ಲಿ ತೇವ ಉಳಿದಿದ್ದರೆ ಬಿಸಿಗೆ ಆವಿಯಾಗಿ ಹಲಗೆಯೊಳಗೆ ಗುಳ್ಳೆ ಏಳುತ್ತದೆ. ನಾರಿಗೆ ಅಂಟಿದ ತಿರುಳು, ಮಣ್ಣು, ಮಸಿ ಇವು ಅಂಟು ಹಿಡಿಯದಂತೆ ಮಾಡುತ್ತವೆ. ಹೂ ಕಟ್ಟುವ ಬಾಳೆ ನಾರಿಗೆ ಈ ಲೆಕ್ಕ ಬೇಕಿಲ್ಲ. ವಾದ್ಯದ ನಾರಿಗೆ ಬೇಕೇ ಬೇಕು.

ನಾರು ತೆಗೆಯುವ ಕ್ರಮ

ಗೊನೆ ಕಡಿದ ಗಿಡವನ್ನು ಎರಡು ಮೂರು ದಿನಗಳೊಳಗೆ ಬಳಸಬೇಕು. ತಡವಾದರೆ ಪಟ್ಟೆ ಕಂದಿ ನಾರಿಗೆ ಕಲೆ ಬೀಳುತ್ತದೆ. ಕಡಿದ ಕಂಬಗಳನ್ನು ತೋಟದಲ್ಲೇ ರಾಶಿ ಬಿಟ್ಟರೆ ಕಾಂಡ ಕೊರಕ ಮೂತಿಹುಳುವೂ ಅಲ್ಲೇ ಬೆಳೆಯುವುದುಂಟು. ತೀರ ಹೊರಗಿನ ಪಟ್ಟೆಗಳ ನಾರು ಒರಟು ಮತ್ತು ಕಂದು; ಒಳ ದಿಂಡಿನ ಹತ್ತಿರದ್ದು ನಿಶ್ಶಕ್ತ. ನಡುವಿನ ಪಟ್ಟೆಗಳ ನಾರನ್ನೇ ಬೇರೆಯಾಗಿ ಇಡಬೇಕು. ಪನಾಮ ಸೊರಗು ರೋಗ ತಗುಲಿದ ಗಿಡವನ್ನು ನಾರಿನ ಆಸೆಗಾಗಿ ಬೇರೆ ತೋಟಕ್ಕೆ ಸಾಗಿಸಲೇಬಾರದು.

ಪಟ್ಟೆಯನ್ನು ಹಲಗೆಯ ಮೇಲಿಟ್ಟು ಮೊಂಡು ಕತ್ತಿಯಿಂದ ಹೆರೆದು ನಾರು ಬಿಡಿಸಬಹುದು. ಯಂತ್ರದಲ್ಲಿ ಕೆಲಸ ಬೇಗ ಆಗುತ್ತದೆ. ಬಾಳೆಯ ರಸ ಬಟ್ಟೆಗೆ ತಾಗಿದರೆ ಕಲೆ ಹೋಗದು. ಹಳೆಯ ಬಟ್ಟೆ ಉಟ್ಟೇ ಕೂರುವುದು ಮೇಲು. ಬಿಡಿಸಿದ ನಾರನ್ನು ಕೂಡಲೇ ಶುದ್ಧ ನೀರಿನಲ್ಲಿ ತೊಳೆದು, ಹಿಂಡಿ, ಬಿದಿರ ಗಳದ ಮೇಲೆ ತೂಗುಹಾಕಬೇಕು. ನೆಲಕ್ಕೆ ಹರಡಬಾರದು.

ಒಣಗಿಸುವುದೇ ಕಷ್ಟ

ನಮ್ಮ ಸೀಮೆಯಲ್ಲಿ ಈ ಕಸುಬಿನ ಅಳಿವು ಉಳಿವು ಇರುವುದು ಇಲ್ಲಿಯೇ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಒಣಗಿಸುವ ಮಾತೇ ಇಲ್ಲ. ಬಿಸಿಲು ಚೆನ್ನಾಗಿರುವ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಆಳುಗಳೆಲ್ಲ ಕಾಫಿ ಕೊಯ್ಲಿನಲ್ಲಿರುತ್ತಾರೆ. ಕಣದಲ್ಲಿ ಕಾಫಿ ಹರಡಿರುತ್ತದೆ. ರೊಬಸ್ಟಾ ಕೊಯ್ಲು ಮುಗಿದ ಮೇಲೆ, ಮುಂಗಾರಿಗೆ ಮೊದಲು ಸಿಗುವ ವಾರಗಳೇ ಅನುಕೂಲ. ಆಗಲೂ ಹೂಮಳೆಯ ಮೋಡ ಕಂಡೊಡನೆ ನಾರನ್ನು ಒಳಗೆ ತರಲು ಜನ ಇರಬೇಕು.

ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿ ಇಡುವುದು ಸಹಜ. ಹಗ್ಗಕ್ಕಾದರೆ ಅಡ್ಡಿಯಿಲ್ಲ, ಆದರೆ ಹೊಗೆಯ ಮಸಿ ಹಿಡಿದ ನಾರು ವಾದ್ಯಕ್ಕೆ ಬಾರದು. ಹೊಗೆ ಒಳಗೆ ಬರದ ಏಲಕ್ಕಿ ಡ್ರೈಯರ್ ಇದ್ದವರು ಅದು ಖಾಲಿಯಿದ್ದಾಗ ಹದ ಬಿಸಿಯಲ್ಲಿ ಬಳಸಬಹುದು.

ಒಣಗಿತೆಂದು ಕೈಯಿಂದ ಮುಟ್ಟಿ ಹೇಳುವುದು ಸಾಲದು. ಒಂದು ಕಿಲೋ ನಾರನ್ನು ತೂಗಿ, ಡ್ರೈಯರಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಬೇಕು. 900 ಗ್ರಾಂಗಿಂತ ಕಡಿಮೆ ಬಂದರೆ ರಾಶಿಯಲ್ಲಿ ತೇವ ನೂರಕ್ಕೆ ಹತ್ತಕ್ಕಿಂತ ಹೆಚ್ಚಿದೆ ಎಂದು ತಿಳಿದು ಇನ್ನೂ ಒಣಗಿಸಬೇಕು. ಆಮೇಲೆ ದಪ್ಪ ಪಾಲಿಥೀನ್ ಚೀಲದಲ್ಲಿ ಬಾಯಿ ಬಿಗಿದಿಡಬೇಕು. ಗೋಣಿಚೀಲದಲ್ಲಿಟ್ಟರೆ ಮಳೆಗಾಲದ ಗಾಳಿಯಿಂದಲೇ ತೇವ ಮರಳುತ್ತದೆ.

ಯಂತ್ರ ಕೊಳ್ಳಬೇಕೇ?

ಹಸಿ ಕಂಬದ ತೂಕದಲ್ಲಿ ನೂರಕ್ಕೆ ಒಂದರಿಂದ ಒಂದೂವರೆ ಪಾಲು ಮಾತ್ರ ಒಣ ನಾರು ಸಿಗುತ್ತದೆ. 20 ಕಿಲೋ ತೂಗುವ ಕಂಬದಿಂದ 200ರಿಂದ 300 ಗ್ರಾಂ. ಒಂದು ಚಿಕ್ಕ ಗಿಟಾರಿಗೆ ಅರ್ಧ ಕಿಲೋ ನಾರು ಬೇಕೆಂದು ಇಟ್ಟುಕೊಂಡರೆ, ಸಾವಿರ ಗಿಟಾರಿಗೆ 5 ಕ್ವಿಂಟಲ್, ಅಂದರೆ ಹೆಚ್ಚುಕಡಿಮೆ 2,000 ಕಂಬ. ಬಾಳೆ ಚೆನ್ನಾಗಿರುವ ಒಂದೆರಡು ತೋಟಗಳೇ ಇಷ್ಟನ್ನು ಪೂರೈಸಿಬಿಡುತ್ತವೆ! ಗಿಟಾರನ್ನೇ ನಂಬಿ ಊರಿಗೊಂದು ಯಂತ್ರ ತರುವುದು ಸರಿಯಾದ ಲೆಕ್ಕವಲ್ಲ. ಹಗ್ಗ, ಚಾಪೆ, ಬುಟ್ಟಿ, ಕೈಕಾಗದ ಇವುಗಳ ಗಿರಾಕಿ ಮೊದಲು ಖಚಿತವಾಗಲಿ. ನಡುಪಟ್ಟೆಯ ಆಯ್ದ ನಾರನ್ನು ಮಾತ್ರ ವಾದ್ಯ ಮತ್ತು ಹಲಗೆ ತಯಾರಕರಿಗೆ ಮಾದರಿಯಾಗಿ ಕಳಿಸಿ, ಬೆಲೆ ಬರೆದು ತರಿಸಿಕೊಳ್ಳುವುದು ಒಳ್ಳೆಯದು. ನಾಲ್ಕಾರು ಬೆಳೆಗಾರರು ಸೇರಿ ಒಂದು ಯಂತ್ರ ಇಟ್ಟುಕೊಂಡರೆ ಖರ್ಚು ಹಂಚಿಹೋಗುತ್ತದೆ. ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಮುಂದುವರಿಯಬಹುದು.

ಕಂಬವನ್ನು ನಾರಿಗೆ ತೆಗೆದರೆ ತೋಟದ ಗೊಬ್ಬರ ಹೋಯಿತಲ್ಲ ಎಂಬ ಆತಂಕ ಕೆಲವರಿಗೆ ಇರಬಹುದು. ಬಾಳೆಯ ಕಂಬದಲ್ಲಿ ಪೊಟ್ಯಾಷ್ ಹೆಚ್ಚು, ನಿಜ. ಆದರೆ ಅದು ಇರುವುದು ಬಹುಪಾಲು ರಸದಲ್ಲಿ ಮತ್ತು ತಿರುಳಿನಲ್ಲಿ. ತೊಳೆದ ನಾರಿನೊಂದಿಗೆ ಹೊರಹೋಗುವುದು ಅಲ್ಪ. ಹೆರೆದ ತಿರುಳನ್ನು ಹಟ್ಟಿ ಗೊಬ್ಬರದೊಡನೆ ಗುಂಡಿಯಲ್ಲಿ ಕೊಳೆಸಿ ಕಾಫಿ ಗಿಡಗಳಿಗೆ ಹಾಕಬೇಕು. ತೊಳೆದ ನೀರನ್ನು ಹಳ್ಳಕ್ಕೆ ಬಿಡದೆ ಅದೇ ಗುಂಡಿಗೆ ತಿರುಗಿಸಬೇಕು.