ಸಡಿಲಾದ ಸೊಂಟಕ್ಕೊಂದು ಓ-ರಿಂಗ್

ಕಳೆದ ತಿಂಗಳು ನಮ್ಮ ಹಾಸ್ಟೆಲ್ ರೂಮಿಗೆ ಒಬ್ಬ ಪೇಷಂಟ್ ಬಂದಿದ್ದ. ಎತ್ತರ ಮೂರೂಮುಕ್ಕಾಲು ಇಂಚು, ಹೆಸರು ಜಿ.ಐ. ಜೋ. ನಮ್ಮ ಗೆಳೆಯನ ಸೋದರಮಾವ ಪೀಣ್ಯದಲ್ಲಿ ಲೇತ್ ಆಪರೇಟರ್. ಅವರು ಚಿಕ್ಕವರಿದ್ದಾಗ ಅವರಪ್ಪ ಕೊಡಿಸಿದ್ದ ಗೊಂಬೆ ಅದು, ಅಪ್ಪ ಈಗಿಲ್ಲ. ಎತ್ತಿದರೆ ಎರಡೂ ಕಾಲು ಜೋತು ಬೀಳುತ್ತಿದ್ದವು. "ಇಂಜಿನಿಯರಿಂಗ್ ಓದ್ತಿದೀರಲ್ಲ, ಇವನನ್ನ ನಿಲ್ಲಿಸಿ ಕೊಡಿ. ಮುರೀಬೇಡಿ ಕಣ್ರಪ್ಪ" ಅಂದರು.

ಒಳಗೇನಿದೆ?

ಈ ಅಳತೆಯ ಜಿ.ಐ. ಜೋ ಗೊಂಬೆಗಳನ್ನು ಅಮೆರಿಕದ ಹ್ಯಾಸ್ಬ್ರೋ 1982ರಲ್ಲಿ ತಂದಿತು. ನಮ್ಮಲ್ಲಿ ಮಾಡಿದ್ದು ಫನ್‌ಸ್ಕೂಲ್, ಟೈರ್ ಕಂಪನಿ ಎಂಆರ್‌ಎಫ್‌ನ ಕೂಸು. ಬೆನ್ನಿನ ಒಂದೇ ಸ್ಕ್ರೂ ಬಿಚ್ಚಿದರೆ ಎದೆ ಎರಡು ಹೋಳಾಗುತ್ತದೆ. ಕಾಲುಗಳ ನಡುವೆ ಲೋಹದ ಕೊಕ್ಕೆ. ಅದಕ್ಕೆ ಸಿಕ್ಕಿಸಿದ ರಬ್ಬರ್ ಓ-ರಿಂಗ್ ಸೊಂಟದ ತುಂಡಿನ ಮೂಲಕ ಮೇಲೆ ಬಂದು, ಎದೆಯೊಳಗಿನ ಸ್ಕ್ರೂ ಕಂಬಕ್ಕೆ ಸುತ್ತಿಕೊಳ್ಳುತ್ತದೆ. ಇಡೀ ಮೈಯನ್ನು ಹಿಡಿದಿಟ್ಟಿರುವುದು ಈ ಎಳೆತವೇ.

ನಾವು ಮೊದಲು ಮಾಡಿದ ತಪ್ಪು ಸ್ಕ್ರೂ ಬಿಗಿ ಮಾಡಿದ್ದು. ಸ್ಕ್ರೂ ಭುಜವನ್ನಷ್ಟೇ ಬಿಗಿ ಮಾಡುತ್ತದೆ, ಸೊಂಟವನ್ನಲ್ಲ. ಇನ್ನರ್ಧ ಸುತ್ತು ತಿರುಗಿಸಿದ್ದರೆ ಪ್ಲಾಸ್ಟಿಕ್ಕಿನ ಥ್ರೆಡ್ಡೇ ಹೋಗಿಬಿಡ್ತಿತ್ತು!

ರಿಂಗ್ ಯಾಕೆ ಸೋಲುತ್ತೆ?

ಓ-ರಿಂಗ್ ಇರುವುದು ಒತ್ತಿಸಿಕೊಂಡು ಸೋರಿಕೆ ತಡೆಯಲಿಕ್ಕೆ. ಇಲ್ಲಿ ಅದು ವರ್ಷಗಟ್ಟಲೆ ಸ್ಪ್ರಿಂಗಿನಂತೆ ಎಳೆದುಕೊಂಡೇ ಇರುತ್ತದೆ. ಹಾಗೆ ಎಳೆದಿಟ್ಟ ರಬ್ಬರಿನ ಬಲ ನಿಧಾನಕ್ಕೆ ಇಳಿಯುತ್ತದೆ. ಗಾಳಿಯ ಓಝೋನ್ ಅಣುಸರಪಳಿಯ ಜೋಡಿಬಂಧಗಳನ್ನು ಕತ್ತರಿಸಿ ಬಿರುಕು ಬಿಡಿಸುತ್ತದೆ.

ಬದಲಿಸುವುದು ಹೇಗೆ?

ಹಳೇ ರಿಂಗಿನ ವ್ಯಾಸ ಅಳೆಯಬೇಡಿ, ಅದು ಹಿಗ್ಗಿರುತ್ತದೆ. ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿಯಲ್ಲಿ 014 ನಂಬರ್ ಕೇಳಿ: ಒಳವ್ಯಾಸ 12.42 ಮಿ.ಮೀ., ದಪ್ಪ 1.78 ಮಿ.ಮೀ. ಇದಕ್ಕಿಂತ ಚಿಕ್ಕದು ಹಾಕಿದರೆ ಗಟ್ಟಿಯಾಗುತ್ತೆ ಅಂದುಕೊಳ್ಳಬೇಡಿ. ಎಳೆತ ಹೆಚ್ಚಾಗಿ ಸೊಂಟದ ತೆಳು ಸೇತುವೆಯೇ ಮುರಿಯುತ್ತದೆ. ಸ್ಕ್ರೂ ಕೂರಿಸುವಾಗ ಮೊದಲು ಹಿಂದಕ್ಕೆ ತಿರುಗಿಸಿ. 'ಟಿಕ್' ಅಂದಾಗ ಹಳೇ ಥ್ರೆಡ್ ಸಿಕ್ಕಿತು ಅಂತ. ಆಮೇಲೆ ಬಿಗಿ ಮಾಡಿ, ತಡೆ ಸಿಕ್ಕ ಕೂಡಲೇ ನಿಲ್ಲಿಸಿ.

ಮೊಣಕೈ, ಮೊಣಕಾಲಿನಲ್ಲಿ ರಿವೆಟ್ ಇರುತ್ತದೆ, ಬಿಚ್ಚಲು ಹೋಗಬೇಡಿ. ನೀರಿನಲ್ಲಿ ಕರಗುವ ಅಕ್ರಿಲಿಕ್ ವಾರ್ನಿಶ್ಶನ್ನು ಕಡ್ಡಿಯ ತುದಿಯಿಂದ ಕೀಲಿಗೆ ಒಂದು ಹನಿ ಬಿಡಿ; ಅಂಟಿಕೊಳ್ಳದಂತೆ ಒಣಗುವವರೆಗೆ ಆಗಾಗ ಆಡಿಸುತ್ತಿರಿ. ಸಾಲದಿದ್ದರೆ ಇನ್ನೊಂದು ಹನಿ. ನೇಲ್ ಪಾಲಿಶ್ ಬೇಡವೇ ಬೇಡ. ಅದರ ದ್ರಾವಕ ಎಬಿಎಸ್ ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡುತ್ತದೆ.

ಚಿಕ್ಕ ರಿಂಗ್ ಅಂತ ಸದರ ಬೇಡ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡಿಗೆ ಒಡೆದು ಏಳು ಜನ ಸತ್ತರು. ಬೂಸ್ಟರಿನ ಓ-ರಿಂಗ್ ಚಳಿಗೆ ಪುಟಿಯುವ ಗುಣ ಕಳೆದುಕೊಂಡಿತ್ತು. ಆ ರಬ್ಬರಿನ ತುಂಡನ್ನು ಫೈನ್‌ಮನ್ ಐಸ್ ನೀರಿನಲ್ಲಿ ಅದ್ದಿ ವಿಚಾರಣಾ ಆಯೋಗದ ಮುಂದೆಯೇ ತೋರಿಸಿದರು. ಅಲ್ಲಿ ಸೋತದ್ದು ಪುಟಿಯುವ ಗುಣ, ಇಲ್ಲಿಯೂ ಅದೇ.

ಭಾನುವಾರ ಗೊಂಬೆ ಕೊಟ್ಟು ಬಂದೆವು. ಮಾವ ಅದನ್ನು ಟೂಲ್ ಬಾಕ್ಸ್ ಮೇಲಿಟ್ಟು ಬೆರಳು ತೆಗೆದರು. ನಿಂತಿತು. ಅವರೇನೂ ಹೇಳಲಿಲ್ಲ, ನಮಗೆ ಟೀ ತರಿಸಿದರು. ಹೊರಡುವಾಗ, ಉಳಿದಿದ್ದ ಎರಡು ರಿಂಗನ್ನೂ ಅವರ ಕೈಗೆ ಕೊಟ್ಟೆವು. ಇನ್ನೊಮ್ಮೆ ಸಡಿಲಾದರೆ ಅವರೇ ಬದಲಿಸಿಕೊಳ್ಳಬಲ್ಲರು.