ಸಮೇಡನ್ ಸುತ್ತಾಟಕ್ಕೆ ಗಾಳಿಯೇ ಟೈಮ್‌ಟೇಬಲ್

ಸ್ವಿಟ್ಜರ್‌ಲೆಂಡ್ ಪ್ಯಾಕೇಜ್ ಟೂರ್‌ಗಳಲ್ಲಿ ಆಗ್ನೇಯ ಮೂಲೆಯ ಎಂಗಡೀನ್ ಕಣಿವೆಗೆ ಸಿಗುವ ಪಾಲು ಬಹಳ ಕಡಿಮೆ. ಸಿಕ್ಕರೂ ಸೇಂಟ್ ಮೊರಿಟ್ಜ್‌ನಲ್ಲಿ ಒಂದೆರಡು ಗಂಟೆ, ನಾಲ್ಕು ಫೋಟೊ, ಮತ್ತೆ ಬಸ್ಸು. ಈ ಕಣಿವೆಯನ್ನು ಸರಿಯಾಗಿ ನೋಡಬೇಕೆಂದರೆ ಅಲ್ಲಿಂದ ಐದಾರು ಕಿಲೋಮೀಟರ್ ದೂರದ ಸಮೇಡನ್‌ನಲ್ಲಿ ತಂಗಿ, ಬೆಳಿಗ್ಗೆ ಎಲ್ಲಿಗೆ, ಮಧ್ಯಾಹ್ನ ಎಲ್ಲಿಗೆ ಎಂಬುದನ್ನು ಗಾಳಿ ನೋಡಿ ತೀರ್ಮಾನಿಸುವುದು ಒಳ್ಳೆಯದು. ಸಮೇಡನ್‌ನಲ್ಲಿ 1,707 ಮೀಟರ್ ಎತ್ತರದ ಪುಟ್ಟ ವಿಮಾನ ನಿಲ್ದಾಣವಿದೆ. ‘ಯುರೋಪಿನಲ್ಲೇ ಅತಿ ಎತ್ತರದ್ದು’ ಎಂದು ಜಾಹೀರಾತುಗಳಲ್ಲಿ ಕಾಣುವ ಹೊಗಳಿಕೆಯನ್ನು ಪೂರ್ತಿ ನಂಬಬೇಡಿ. ಫ್ರಾನ್ಸ್‌ನ ಕೂರ್ಶ್‌ವೆಲ್‌ನಲ್ಲಿ 2,008 ಮೀಟರ್ ಎತ್ತರದ ಗಿಡ್ಡ ಇಳಿಜಾರು ರನ್‌ವೇ ಇದೆ. ಆದರೂ ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್ ಎಂದು ನೆನೆದರೆ, ಇಷ್ಟೆತ್ತರದ ಕಣಿವೆಯ ತಳದಲ್ಲಿ ಖಾಸಗಿ ಜೆಟ್‌ಗಳು ಇಳಿಯುವುದು ಸಣ್ಣ ಸಂಗತಿಯಲ್ಲ. ಗಾಳಿ ತೆಳುವಾಗಿರುವುದರಿಂದ ಮೇಲೇರಲು ಹೆಚ್ಚು ಓಟ ಬೇಕು, ಎರಡೂ ಬದಿಗೆ ಬೆಟ್ಟಗಳ ಗೋಡೆ. ಹಾಗಾಗಿ ಹವೆ ಕೆಟ್ಟರೆ ಇಲ್ಲಿ ಹಾರಾಟದ ಮಾತೇ ಇಲ್ಲ.

ವಿಮಾನ ನಿಲ್ದಾಣವಿದೆಯೆಂದು ವಿಮಾನದಲ್ಲೇ ಹೋಗುವ ಯೋಚನೆ ಬೇಡ. ಸಾಮಾನ್ಯ ಪ್ರಯಾಣಿಕರಿಗೆ ನಿಗದಿತ ವಿಮಾನಗಳಿಲ್ಲ. ಜ್ಯೂರಿಕ್‌ನಲ್ಲಿ ಇಳಿದು ರೈಲು ಹಿಡಿಯಿರಿ, ಕೂರ್‌ನಲ್ಲಿ ಬದಲಾಯಿಸಿ. ಅಲ್ಲಿಂದ ರೇಷಿಯನ್ ರೈಲ್ವೆಯ ಕೆಂಪು ಬೋಗಿಗಳು 65 ಮೀಟರ್ ಎತ್ತರದ ಲಾಂಡ್‌ವಾಸರ್ ಸೇತುವೆ ದಾಟಿ, ಬೆಟ್ಟದೊಳಗೆ ಸುರುಳಿ ಸುತ್ತಿ ಆಲ್ಬುಲಾ ಸುರಂಗದಾಚೆ ಕಣಿವೆಗೆ ಇಳಿಯುತ್ತವೆ. ಈ ಹಾದಿಗೂ ಮುಂದಿನ ಬರ್ನಿನಾ ಹಾದಿಗೂ 2008ರಲ್ಲಿ ಯುನೆಸ್ಕೊ ಮಾನ್ಯತೆ ಸಿಕ್ಕಿದೆ. ಇಳಿಯುವುದು ಸಮೇಡನ್‌ನಲ್ಲೇ ಇರಲಿ. ಕೂರ್, ಸೇಂಟ್ ಮೊರಿಟ್ಜ್, ಪಾಂಟ್ರೆಸಿನಾ, ಕೆಳ ಎಂಗಡೀನ್ ಕಡೆಯ ಹಳಿಗಳೆಲ್ಲ ಇಲ್ಲಿ ಕೂಡುತ್ತವೆ, ಹೀಗಾಗಿ ಯಾವ ದಿಕ್ಕಿಗೆ ಹೊರಡಲೂ ಸಲೀಸು.

ಇನ್ನು ಗಾಳಿಯ ವಿಷಯ. ಸಾಮಾನ್ಯವಾಗಿ ಬೆಟ್ಟದ ಕಣಿವೆಗಳಲ್ಲಿ ಹಗಲಿನ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ಇಲ್ಲಿ ಮೇಲಿನಿಂದ ಕೆಳಕ್ಕೆ! ಕಣಿವೆಯ ನೈಋತ್ಯ ತುದಿಯ ಮಲೋಯಾ ಕಣಿವೆದಾರಿ 1,815 ಮೀಟರ್ ಎತ್ತರದಲ್ಲಿದೆ. ಅದರಾಚೆ ನೆಲ ಬೆರ್ಗೆಲ್ ಕಣಿವೆಗೆ ಕಡಿದು ಬೀಳುತ್ತದೆ. ಬಿಸಿಲೇರಿದಂತೆ ಬೆರ್ಗೆಲ್‌ನ ಗಾಳಿ ಕಾದು ಮೇಲೆದ್ದು, ಕಣಿವೆದಾರಿಯನ್ನು ದಾಟಿ ಎಂಗಡೀನ್ ಕಡೆಗೆ ತುಳುಕುತ್ತದೆ. ಇದೇ ‘ಮಲೋಯಾ ಗಾಳಿ’. ಬೇಸಿಗೆಯ ಬಿಸಿಲ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಜೋರಾಗಿ, ಸಂಜೆಗೆ ಇಳಿಯುತ್ತದೆ. ಸರೋವರದಲ್ಲಿ ಬೆಟ್ಟದ ಪ್ರತಿಬಿಂಬ ನೋಡಬೇಕೆಂದು ಮಧ್ಯಾಹ್ನ ಎರಡು ಗಂಟೆಗೆ ಸರೋವರದಂಚಿನ ಸಿಲ್ಸ್ ಊರಿಗೆ ಹೋದವರಿಗೆ ಅಲೆಗಳಷ್ಟೇ ಕಾಣುತ್ತವೆ. ಅದೇ ಹೊತ್ತಿಗೆ ಸಿಲ್ವಾಪ್ಲಾನಾ ಸರೋವರದಲ್ಲಿ ಕೈಟ್ ಸರ್ಫರ್‌ಗಳಿಗೆ ಹಬ್ಬ.

ಆದ್ದರಿಂದ ಬೆಳಗ್ಗೆ ಎದ್ದವರು ಮೊದಲು ಬಸ್ ಹಿಡಿದು ಸಿಲ್ಸ್‌ಗೆ ಹೋಗಿ. ಸರೋವರದೊಳಕ್ಕೆ ಚಾಚಿಕೊಂಡ ಶಾಸ್ಟೆ ಎಂಬ ನೆಲದ ತುಂಡಿಗೆ ಒಂದು ಸುತ್ತು ಹಾಕಿ. ತತ್ತ್ವಜ್ಞಾನಿ ನೀಷೆ 1880ರ ದಶಕದಲ್ಲಿ ಏಳು ಬೇಸಿಗೆಗಳನ್ನು ಕಳೆದ ಮನೆ ಊರೊಳಗೇ ಇದೆ, ಈಗ ಮ್ಯೂಸಿಯಂ. ಗಾಳಿ ಎದ್ದ ಮೇಲೆ ಸೇಂಟ್ ಮೊರಿಟ್ಜ್‌ಗೆ ಬನ್ನಿ. ಅಲ್ಲಿ ಅಂಗಡಿಸಾಲಿಗಿಂತ ಸೆಗಂಟೀನಿ ಮ್ಯೂಸಿಯಂ ಮೇಲು. 1899ರಲ್ಲಿ ಪಾಂಟ್ರೆಸಿನಾ ಮೇಲಿನ ಬೆಟ್ಟದಲ್ಲೇ ತೀರಿಕೊಂಡ ಆ ಚಿತ್ರಕಾರನ ಮೂರು ದೊಡ್ಡ ಚಿತ್ರಗಳಲ್ಲಿ ಈ ಕಣಿವೆಯ ಬೆಳಕೇ ಇದೆ. ಗಾಳಿ ತಗ್ಗುವ ಸಂಜೆಗೆ ಸಮೇಡನ್ ಪಕ್ಕದ ಪುಂಟ್ ಮುರಾಗ್ಲ್ ತಲುಪಿ, 1907ರಿಂದ ಓಡುತ್ತಿರುವ ಹಗ್ಗದ ರೈಲಿನಲ್ಲಿ 2,456 ಮೀಟರ್ ಎತ್ತರದ ಮುವೊಟ್ಟಾಸ್ ಮುರಾಗ್ಲ್‌ಗೆ ಏರಿ. ಸಾಲು ಸರೋವರಗಳೂ ಬರ್ನಿನಾ ಶಿಖರಗಳೂ ಒಟ್ಟಿಗೆ ಕಾಣುವ ಜಾಗ ಅದು.

ಎರಡನೇ ದಿನ ಬರ್ನಿನಾ ಹಳಿಗೆ. ‘ಬರ್ನಿನಾ ಎಕ್ಸ್‌ಪ್ರೆಸ್‌ನ ಗಾಜಿನ ಬೋಗಿಯಲ್ಲೇ ಕೂರಬೇಕು, ಇಲ್ಲದಿದ್ದರೆ ಹೋಗಿ ಏನು ಪ್ರಯೋಜನ’ ಎನ್ನುವವರುಂಟು. ಅದಕ್ಕೆ ಸೀಟು ಕಾದಿರಿಸುವ ಶುಲ್ಕ ಬೇರೆ, ಮಧ್ಯೆ ಇಳಿದು ಹತ್ತುವ ಸ್ವಾತಂತ್ರ್ಯವೂ ಇಲ್ಲ. ಅದೇ ಹಳಿಯ ಮೇಲೆ ಮಾಮೂಲಿ ರೈಲೂ ಓಡುತ್ತದೆ. ಮೊದಲು ಮೊರ್ಟೆರಾಚ್‌ನಲ್ಲಿ ಇಳಿಯಿರಿ. ಸುಮಾರು ನೂರಿಪ್ಪತ್ತು ವರ್ಷದ ಹಿಂದೆ ನಿಲ್ದಾಣದ ಸಮೀಪದವರೆಗೂ ಇದ್ದ ಹಿಮನದಿ ಈಗ ಕಾಲುದಾರಿಯಲ್ಲಿ ಗಂಟೆಯ ಹತ್ತಿರ ನಡೆದರೂ ದೂರವೇ ಉಳಿಯುತ್ತದೆ. ದಾರಿಯುದ್ದಕ್ಕೂ ಯಾವ ವರ್ಷ ಮಂಜು ಎಲ್ಲಿಯವರೆಗಿತ್ತು ಎಂದು ಫಲಕ ನೆಟ್ಟಿದ್ದಾರೆ. ಹವಾಮಾನ ಬದಲಾವಣೆಯ ಬಗ್ಗೆ ಇದಕ್ಕಿಂತ ನೇರವಾದ ಪಾಠ ಸಿಗುವುದು ಕಷ್ಟ. ಆಮೇಲಿನ ರೈಲಿನಲ್ಲಿ 2,253 ಮೀಟರ್ ಎತ್ತರದ ಒಸ್ಪಿಜಿಯೊ ಬರ್ನಿನಾ. ಅಲ್ಲಿ ಅಕ್ಕಪಕ್ಕದ ಎರಡು ಸರೋವರಗಳಲ್ಲಿ ಕಪ್ಪು ಸರೋವರದ ನೀರು ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ, ಬಿಳಿ ಸರೋವರದ್ದು ಪೋ ನದಿಯ ಮೂಲಕ ಏಡ್ರಿಯಾಟಿಕ್‌ಗೆ ಹರಿಯುತ್ತದೆ. ಸಸ್ಯಾಹಾರಿಗಳು ಊಟಕ್ಕೆ ಪಿಜ್ಜೊಕೆರಿ ಕೇಳಬಹುದು. ಬಕ್‌ವೀಟ್ ಹಿಟ್ಟಿನ ಶಾವಿಗೆಯಂಥ ಪಟ್ಟಿ, ಜತೆಗೆ ಆಲೂಗಡ್ಡೆ, ಎಲೆಕೋಸು, ಚೀಸ್.

ಬೆಟ್ಟದ ಹವೆಯನ್ನು ನಂಬಿ ಯೋಜನೆ ಹಾಕುವುದು ಹೇಗೆ ಎಂಬ ಆಕ್ಷೇಪಕ್ಕೆ ಹುರುಳಿದೆ. ಮೋಡ ಕವಿದ ದಿನ ಮಲೋಯಾ ಗಾಳಿಯ ಲೆಕ್ಕ ನಡೆಯುವುದಿಲ್ಲ. ಅಂಥ ದಿನ ಶಿಖರಗಳ ಆಸೆ ಬಿಟ್ಟು ಕೆಳಗೇ ಉಳಿಯಿರಿ: ನೆರೆಯೂರು ಚೆಲೆರಿನಾದ ಹೊರಗೆ ಗುಡ್ಡದ ಮೇಲೆ ಒಂಟಿಯಾಗಿ ನಿಂತ ಸಾನ್ ಜಾನ್ ಚರ್ಚು, ಸಮೇಡನ್‌ನ ಗೀರುಚಿತ್ರದ ದಪ್ಪಗೋಡೆಯ ಮನೆಗಳು, ಊರ ನಡುವಿನ ಖನಿಜ ನೀರಿನ ಸ್ನಾನಗೃಹ. ಎರಡು ದಿನ ದುಬಾರಿಯಾಗುತ್ತದೆ ಎಂಬುದೂ ನಿಜ. ಆದರೆ ಜ್ಯೂರಿಕ್‌ನಿಂದ ಒಂದೇ ದಿನದಲ್ಲಿ ಬಂದುಹೋಗುವವರು ರೈಲಿನಲ್ಲೇ ಆರೇಳು ಗಂಟೆ ಕಳೆಯುತ್ತಾರೆ. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಈ ರೈಲುಗಳಿಗೆ ಬೇರೆ ಟಿಕೆಟ್ ಬೇಡ. ಹೋಟೆಲ್ ಬುಕ್ ಮಾಡುವಾಗ ಬೆಟ್ಟದ ರೈಲು, ಕೇಬಲ್ ಕಾರುಗಳಿಗೆ ರಿಯಾಯಿತಿ ಇದೆಯೇ ಎಂದು ಕೇಳಿ. ಏಪ್ರಿಲ್ ಕೊನೆಯಿಂದ ಜೂನ್ ಆರಂಭದವರೆಗೂ ನವೆಂಬರ್‌ನಲ್ಲೂ ಇವುಗಳಲ್ಲಿ ಬಹಳಷ್ಟು ಮುಚ್ಚಿರುತ್ತವೆ, ತಾರೀಖು ನೋಡಿಕೊಂಡೇ ಹೊರಡಿ. ಬರ್ನಿನಾ ಹಳಿಯ ಕೊನೆ ನಿಲ್ದಾಣ ತಿರಾನೊ ಇಟಲಿಯಲ್ಲಿದೆ. ಹಿಂದಿರುಗದೆ ಅಲ್ಲಿಂದಲೇ ಮಿಲಾನ್ ರೈಲು ಹಿಡಿಯಬಹುದು. ಷೆಂಗೆನ್ ವೀಸಾ ಎರಡೂ ದೇಶಕ್ಕೆ ಸಾಕು, ಪಾಸ್‌ಪೋರ್ಟ್ ಮಾತ್ರ ಸೂಟ್‌ಕೇಸಿನ ತಳದಲ್ಲಿಡದೆ ಕೈಗೆ ಸಿಗುವಂತಿರಲಿ.