ಮೊದಲು ಗಾಡಿ ನೆಟ್ಟಗೆ ಓಡಲಿ

ಮಕ್ಕಳೇ, ಫಸ್ಟ್ ಟೆಕ್ ಚಾಲೆಂಜ್ ರೋಬೋ ಸ್ಪರ್ಧೆಯ ಈ ಸಲದ ಆಟ ಗೊತ್ತಾದ ಸಂಜೆಯೇ ಬೋರ್ಡಿನ ಮೇಲೆ ತೋಳು, ಲಿಫ್ಟು, ಹಿಡಿಕೆ ಎಲ್ಲ ಚೆಂದವಾಗಿ ಬರೆದಿದ್ದಿರಿ. ಅಡಿಯಲ್ಲಿರುವ ಗಾಡಿಗೆ ಮಾತ್ರ ಒಂದು ಚೌಕ ಗೀಚಿ ಬಿಟ್ಟಿದ್ದಿರಿ. ನನ್ನ ಮಾತೆಲ್ಲ ಆ ಚೌಕದ ಬಗ್ಗೆಯೇ. ತೋಳು ಕೆಟ್ಟರೆ ಒಂದಷ್ಟು ಅಂಕ ಹೋಗುತ್ತದೆ, ಗಾಡಿ ನಿಂತರೆ ಆಟವೇ ಹೋಗುತ್ತದೆ.

• ಆಟ ಶುರುವಾಗುವಾಗ ರೋಬೋ ಉದ್ದ, ಅಗಲ, ಎತ್ತರ ಮೂರರಲ್ಲೂ 18 ಇಂಚಿನೊಳಗೆ ಇರಬೇಕು. ಹಾಗಂತ ಚಾಸಿಯನ್ನೇ 18 ಇಂಚಿಗೆ ಕತ್ತರಿಸಬೇಡಿ. ಬೋಲ್ಟಿನ ತಲೆ, ವೈರಿನ ಬಾಗು, ಆಮೇಲೆ ನೆನಪಾಗುವ ಒಂದು ಸೆನ್ಸರು, ಎಲ್ಲಕ್ಕೂ ಜಾಗ ಬೇಕು. 17ಕ್ಕೆ ನಿಲ್ಲಿಸಿ. ಅಲ್ಯೂಮಿನಿಯಂ ಮುಟ್ಟುವ ಮೊದಲು ರಟ್ಟಿನಲ್ಲಿ ಮಾಡಿ, ಬ್ಯಾಟರಿ, ಮೋಟರು ಇಟ್ಟು ನೋಡಿ.

• ಚಕ್ರದ ವಿಷಯ. ಎಲ್ಲರೂ ಮೆಕಾನಮ್ ಹಾಕುತ್ತಾರೆಂದು ನೀವೂ ಹಾಕಬೇಕಿಲ್ಲ. ಅದರ ಅಂಚಿನ ಉರುಳೆಗಳು 45 ಡಿಗ್ರಿ ಓರೆಯಾಗಿರುವುದರಿಂದ ಗಾಡಿ ಪಕ್ಕಕ್ಕೂ ಸರಿಯುತ್ತದೆ, ನಿಜ. ಆದರೆ ಯಾರಾದರೂ ಪಕ್ಕದಿಂದ ತಳ್ಳಿದರೆ ಬೇಗ ಜಾರುತ್ತದೆ. ನಿಯಮದಂತೆ ಸಿಗುವ 8 ಮೋಟರುಗಳಲ್ಲಿ 4 ಅದಕ್ಕೇ ಹೋಗುತ್ತವೆ. ಗುರಿಯ ಮುಂದೆ ಅರ್ಧ ಅಡಿ ಆಚೀಚೆ ಸರಿದು ನಿಲ್ಲುವ ಕೆಲಸ ಹೆಚ್ಚಿದ್ದರೆ ಅದನ್ನೇ ಹಾಕಿ. ಮೇಲಿಂದ ನೋಡಿದಾಗ ನಾಲ್ಕು ಚಕ್ರಗಳ ಉರುಳೆಗಳು ಗುಣಾಕಾರ ಚಿಹ್ನೆಯಂತೆ ಕಾಣಬೇಕು, ತಪ್ಪಿಸಬೇಡಿ. ಓಡಿ ತಳ್ಳುವ ಆಟವಾದರೆ ಆರು ಚಕ್ರದ ಸಾದಾ ಗಾಡಿ ಸಾಕು. ಅದರಲ್ಲಿ ನಡುವಿನ ಜೋಡಿ 2–3 ಮಿ.ಮೀ. ಕೆಳಗಿರಲಿ. ಆಗ ತಿರುಗುವಾಗ ಮೂಲೆಯ ಚಕ್ರಗಳು ನೆಲವನ್ನು ಅಷ್ಟಾಗಿ ಉಜ್ಜುವುದಿಲ್ಲ.

• ವೇಗವನ್ನು ಲೆಕ್ಕ ಹಾಕಿಯೇ ಆರಿಸಿ. 96 ಮಿ.ಮೀ. ಚಕ್ರ ಒಂದು ಸುತ್ತಿಗೆ ಸುಮಾರು 302 ಮಿ.ಮೀ. ಹೋಗುತ್ತದೆ. ನಿಮಿಷಕ್ಕೆ 312 ಸುತ್ತಿನ ಮೋಟರಾದರೆ ಸೆಕೆಂಡಿಗೆ ಒಂದೂವರೆ ಮೀಟರು ದಾಟುತ್ತದೆ, 435ರದ್ದಾದರೆ 2.2 ಮೀಟರು. ಇದು ಭಾರವಿಲ್ಲದಾಗಿನ ಲೆಕ್ಕ. ಅಂಗಳವೇ 12 ಅಡಿ. ಹೊಸ ಚಾಲಕರಿಗೆ 312 ಸಾಕೋ ಸಾಕು.

• ಷಾಫ್ಟಿಗೆ ಎರಡೂ ಕಡೆ ಬೇರಿಂಗ್ ಕೊಡಿ. ಹಿಂದೊಮ್ಮೆ ಒಂದು ತಂಡಕ್ಕೆ, ತೂಕ ಉಳಿಯಲಿ ಎಂದು ಒಂದೇ ಕಡೆಯ ಆಧಾರಕ್ಕೆ ನಾನೇ ಒಪ್ಪಿದ್ದೆ. ಎರಡನೇ ಪಂದ್ಯದಲ್ಲಿ ಡಿಕ್ಕಿಯಾಗಿ ಷಾಫ್ಟು ಬಾಗಿತು. ಆ ಮಕ್ಕಳ ಮುಖ ಇನ್ನೂ ಕಣ್ಣಮುಂದಿದೆ.

• ಫ್ರೇಮಿನ ಎರಡು ಕರ್ಣಗಳನ್ನೂ ಅಳೆಯಿರಿ. ವ್ಯತ್ಯಾಸ ಒಂದು ಮಿ.ಮೀ. ದಾಟಿದರೆ ಬಿಚ್ಚಿ ಮತ್ತೆ ಕೂರಿಸಿ. ಬೋಲ್ಟುಗಳನ್ನು ಗಾಳಿಯಲ್ಲಿ ಹಿಡಿದು ಬಿಗಿಯಬೇಡಿ. ಅಡುಗೆಮನೆಯ ಗ್ರಾನೈಟ್ ಕಟ್ಟೆಯಷ್ಟು ಸಮತಟ್ಟಾದ ಜಾಗ ನಿಮ್ಮ ಮನೆಯಲ್ಲಿ ಇನ್ನೊಂದಿಲ್ಲ, ಅಮ್ಮನನ್ನು ಕೇಳಿ ಅದರ ಮೇಲಿಟ್ಟು ಬಿಗಿಯಿರಿ. ಆಮೇಲೆ ಪ್ರತಿ ಚಕ್ರದಡಿ ಒಂದು ಕಾಗದದ ಚೂರು ಇಟ್ಟು ಎಳೆಯಿರಿ. ಯಾವುದು ಸಲೀಸಾಗಿ ಬಂತೋ ಆ ಚಕ್ರ ನೆಲ ಹಿಡಿದಿಲ್ಲ. ಮೊದಲ 30 ಸೆಕೆಂಡು ಗಾಡಿ ತಾನೇ ಓಡಬೇಕಲ್ಲ, ಆಗ ಓರೆ ಹೋಗುವುದಕ್ಕೆ ಪ್ರೋಗ್ರಾಂ ಬರೆದವಳನ್ನು ಬೈಯುತ್ತೀರಿ. ಎಷ್ಟೋ ಸಲ ತಪ್ಪು ಇಲ್ಲಿರುತ್ತದೆ.

• ಬ್ಯಾಟರಿ ಕೆಳಗೆ, ನಡುವೆ. ಆದರೆ ಎರಡು ಬೆರಳಲ್ಲಿ ತೆಗೆಯುವಂತಿರಲಿ.

• ಇಡೀ ಚಾಸಿಗೆ ಆದಷ್ಟೂ ಒಂದೇ ಅಳತೆಯ ಬೋಲ್ಟು, ಒಂದೇ ಅಲೆನ್ ಕೀ. ಅಲುಗಾಟವಿರುವಲ್ಲಿ ನೈಲಾಕ್ ನಟ್ ಹಾಕಿ. ಇಲ್ಲವೇ ನೀಲಿ ಲಾಕ್‌ಟೈಟ್ ಒಂದು ಹನಿ. ಕೆಂಪು ಬೇಡ, ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಲಾಕ್‌ಟೈಟ್ ಯಾವ ಬಣ್ಣದ್ದೇ ಆಗಲಿ, ಪಾಲಿಕಾರ್ಬೊನೇಟ್ ಹಾಳೆಗೆ ತಾಗಿದರೆ ಹಾಳೆ ಬಿರುಕು ಬಿಡಬಹುದು, ಜೋಪಾನ. ಒಂದು ಮೋಟರನ್ನು ಬದಲಿಸಲು ಎಷ್ಟು ಹೊತ್ತೆಂದು ಗಡಿಯಾರ ಹಿಡಿದು ನೋಡಿ. ಹತ್ತು ನಿಮಿಷ ದಾಟಿದರೆ ವಿನ್ಯಾಸವನ್ನೇ ಬದಲಿಸಿ.

• ಎರಡು ವಾರದೊಳಗೆ ಬರೀ ಗಾಡಿ ಓಡಲಿ. ತೋಳಿನ ತೂಕಕ್ಕೆ ಮೇಲೊಂದು ಮರಳಿನ ಚೀಲ ಕಟ್ಟಿ. ತೋಳು ಸಿದ್ಧವಾಗುವವರೆಗೆ ಕಾಯದೆ ಚಾಲಕರು ದಿನಾ ಓಡಿಸಲಿ. ಸಡಿಲಾಗುವುದೆಲ್ಲ ಈಗಲೇ ಸಡಿಲಾಗಲಿ. ಏನು ಸಡಿಲಾಯಿತು, ಯಾವಾಗ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಶನಿವಾರ ಬೆಳಿಗ್ಗೆ ನನ್ನ ಮೂಲೆಮಟ್ಟ ತರುತ್ತೇನೆ. ಅಷ್ಟರಲ್ಲಿ ರಟ್ಟಿನ ಗಾಡಿ ತಯಾರಿರಲಿ.